ಕತೆ ಓದುವಾಗ ಪಾಠ ಮಾಡಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ಮಗನಿಗೆ ಗಿಡ, ಹಕ್ಕಿ, ಹುಳಗಳ ಬಗ್ಗೆ ಹೇಗೆ ಕಲಿಸಲಿ, ಮಾಹಿತಿ ಪುಸ್ತಕ ತೆಗೆದರೆ ಸಾಕು ಎದ್ದು ಓಡುತ್ತಾನೆ ಅಂತ ಬರೆದಿದ್ದೆಯಲ್ಲ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡು. ಕತೆ ಓದು. ದಿನಾ, ಗಟ್ಟಿಯಾಗಿ, ಪಕ್ಕದಲ್ಲಿ ಕೂರಿಸಿಕೊಂಡು.

ಆದರೆ ನಡುವೆ ಪಾಠ ಶುರು ಮಾಡಬೇಡ. ಜೇಡ ಬಲೆ ನೇಯ್ದು ಕಾದಿದೆ, ನೊಣ ಇನ್ನೇನು ಸಿಕ್ಕಿಬೀಳಬೇಕು, ಅಷ್ಟರಲ್ಲಿ ನೀನು ನಿಲ್ಲಿಸಿ 'ಜೇಡಕ್ಕೆ ಎಷ್ಟು ಕಾಲು, ಹೇಳು' ಅಂದರೆ ಕತೆ ಅಲ್ಲೇ ಸತ್ತಿತು. ಅವನಿಗೆ ಆಗ ಬೇಕಿರುವುದು ನೊಣದ ಗತಿ ಏನಾಯಿತು ಅನ್ನುವುದು, ಅಲ್ವಾ? ಕಾಲನ್ನು ನಾಳೆ ಎಣಿಸಿದರಾಯಿತು, ಅದೂ ಗೋಡೆ ಮೂಲೆಯಲ್ಲಿರುವ ನಿಜವಾದ ಜೇಡದ್ದು. ಎಂಟು ಸಿಕ್ಕಿದ ಮೇಲೆ, ಇರುವೆಗೆ ಆರೇ ಯಾಕೆ ಅಂತ ಅವನೇ ಕೇಳುತ್ತಾನೆ ನೋಡು.

ಪುಸ್ತಕ ಆರಿಸುವಾಗ ಒಂದು ನೋಡಿಕೋ. ಪ್ರಾಣಿಗಳು ಮಾತಾಡಲಿ, ಜಗಳ ಆಡಲಿ, ಪರವಾಗಿಲ್ಲ. ಆದರೆ ಅವು ತಿನ್ನುವುದು, ಗೂಡು ಕಟ್ಟುವುದು, ಹೆದರುವುದು ಅವುಗಳದ್ದೇ ರೀತಿಯಲ್ಲಿ ಇರಬೇಕು. ಸಣ್ಣಪುಟ್ಟ ತಪ್ಪನ್ನು ಓದುತ್ತಲೇ ತಿದ್ದಿಬಿಡು. ದುಡಿಯುವ ಇರುವೆ ಕತೆಗಳಲ್ಲಿ ಜಾಸ್ತಿ 'ಇರುವೆ ಅಣ್ಣ' ಆಗಿರುತ್ತದೆ. ನಿಜದಲ್ಲಿ ಕೆಲಸಗಾರ ಇರುವೆಗಳೆಲ್ಲ ಹೆಣ್ಣು, ಹಾಗಾಗಿ ಸುಮ್ನೆ 'ಇರುವೆ ಅಕ್ಕ' ಅಂತ ಓದು.

ಸಾವು ಬಂತು ಅಂತ ಪುಟ ಹಾರಿಸಬೇಡ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಎಷ್ಟೋ ಜಾತಿಯ ಜೇಡಗಳಲ್ಲಿ ತಾಯಿ ಮೊಟ್ಟೆಯಿಟ್ಟು, ಅದಕ್ಕೆ ರೇಷ್ಮೆ ಸುತ್ತಿ, ಮರಿಗಳ ಮುಖ ನೋಡುವ ಮೊದಲೇ ಸಾಯುತ್ತದೆ. ಅವನು ಅತ್ತರೆ ಅಳಲಿ, ನೀನು ಅಪ್ಪಿಕೊಂಡಿರು. ಅಳು ನಿಂತ ಮೇಲೆ ಮರಿಗಳ ಸುದ್ದಿ ಹೇಳು. ಅವು ಹುಲ್ಲಿನ ತುದಿಗೋ ಕೊಂಬೆಯ ತುದಿಗೋ ಹತ್ತಿ, ಹೊಟ್ಟೆ ಮೇಲೆತ್ತಿ, ಸಣ್ಣ ಎಳೆ ಬಿಟ್ಟು ಗಾಳಿಯಲ್ಲಿ ತೇಲಿ ಹೋಗುತ್ತವೆ. 1832ರಲ್ಲಿ ಚಾರ್ಲ್ಸ್ ಡಾರ್ವಿನ್ ಇದ್ದ ಬೀಗಲ್ ಹಡಗು ದಡದಿಂದ ಸುಮಾರು 60 ಮೈಲಿ ದೂರದಲ್ಲಿದ್ದಾಗ, ಇಂಥ ಪುಟ್ಟ ಜೇಡಗಳು ಸಾವಿರಗಟ್ಟಲೆ ಬಂದು ಅದರ ಹಗ್ಗಗಳ ಮೇಲೆ ಇಳಿದಿದ್ದವು! ಇದನ್ನು ಕೇಳಿದ ಮಗು ಮತ್ತೆ ಪೊರಕೆ ಹಿಡಿದು ಜೇಡದ ಬಲೆ ಗುಡಿಸೋಕೆ ಹೋಗುತ್ತಾ, ಹೇಳು?

ದನಿ ಬದಲಾಯಿಸಿ ಓದೋಕೆ ಬರಲ್ಲ ಅಂತ ಸಂಕೋಚ ಬೇಡ, ನಿಧಾನವಾಗಿ ಓದಿದರೆ ಸಾಕು. ಒಂದೇ ಕತೆಯನ್ನು ಮತ್ತೆ ಮತ್ತೆ ಕೇಳಿದರೂ ಬೇಸರವಿಲ್ಲದೆ ಓದು, ಹೊಸ ಪ್ರಶ್ನೆ ಬರುವುದು ಆಗಲೇ. ಯಾವ ಕತೆ ಶುರು ಮಾಡಿದೆ, ಅವನು ಏನೇನು ಕೇಳಿದ ಅಂತ ಬರೆ. ಉತ್ತರ ತಿಳಿಯದಿದ್ದರೆ ಇಬ್ಬರೂ ಸೇರಿ ಹುಡುಕೋಣ.

ನಿನ್ನ,
ದೊಡ್ಡಮ್ಮ