ಫಾರ್ಮಲಿನ್ ಡಬ್ಬಿಯ ಮೇಲೆ ಗಂಟೆ ಬರೆದವರಿಗೆ

ನಮ್ಮ ಪ್ರಯೋಗಾಲಯದಲ್ಲಿ ಸ್ತನ ಕ್ಯಾನ್ಸರಿನ ಹರ್-2 ಪರೀಕ್ಷೆ ಶುರುವಾಗಿ ಈ ವಾರಕ್ಕೆ ವರ್ಷ ತುಂಬಿತು. ವರದಿಯ ಕೆಳಗಿನ ಸಹಿ ಪೆಥಾಲಜಿಸ್ಟರದ್ದೇ. ಆದರೆ ಮಾದರಿ ಉಳಿಯುವುದೋ ಕೆಡುವುದೋ ಎಂಬುದು ಆಪರೇಷನ್ ಥಿಯೇಟರಿನಲ್ಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಮೊದಲ ನಮಸ್ಕಾರ ಥಿಯೇಟರಿನ ಸಿಸ್ಟರ್‌ಗಳಿಗೆ.

ಹರ್-2 ಜೀವಕೋಶದ ಹೊರಪೊರೆಯಲ್ಲಿರುವ ಪ್ರೋಟೀನು. ಆರೋಗ್ಯವಂತ ಕೋಶದಲ್ಲೂ ಸ್ವಲ್ಪ ಇರುತ್ತದೆ. 17ನೇ ಕ್ರೋಮೋಸೋಮಿನಲ್ಲಿರುವ ಅದರ ಜೀನು ಹಲವು ಪಟ್ಟು ಹೆಚ್ಚಿದಾಗ ಪೊರೆಯ ತುಂಬ ಪ್ರೋಟೀನು ಒತ್ತೊತ್ತಾಗಿ ನಿಂತು, ಜೋಡಿ ಕಟ್ಟಿಕೊಂಡು, ಬೆಳೆಯುವ ಸೂಚನೆಯನ್ನು ಒಳಕ್ಕೆ ಕಳಿಸುತ್ತಲೇ ಇರುತ್ತದೆ. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 15ರಿಂದ 20ರಷ್ಟು ಈ ಬಗೆಯವು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರಾಸ್ಟುಜುಮ್ಯಾಬ್ ಎಂಬ ಮದ್ದು ಹಿಡಿಯುವುದು ಈ ಪ್ರೋಟೀನನ್ನೇ. ಬೆಂಗಳೂರಿನ ಬಯೋಕಾನ್ ಅದರ ಬಯೋಸಿಮಿಲರನ್ನು (ಮೂಲ ಮದ್ದನ್ನು ತೀರ ಹೋಲುವ ಜೈವಿಕ ಮದ್ದು) 2014ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿತು. ಪರೀಕ್ಷೆ ತಪ್ಪಿದರೆ ಮದ್ದು ಬೇಕಾದವರಿಗೆ ಸಿಗದು, ಬೇಡವಾದವರ ಹೃದಯಕ್ಕೆ ಸುಮ್ಮನೆ ಹೊರೆ.

ಗಡ್ಡೆ ಹೊರಬಂದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ, ಅಂದರೆ ಅಂಗಾಂಶ ಕೆಡದಂತೆ ಕಾಪಾಡುವ ದ್ರವಕ್ಕೆ, ಬೀಳಬೇಕು. ತಡವಾದರೆ ಪ್ರೋಟೀನೂ ಡಿಎನ್ಎಯೂ ಕರಗತೊಡಗುತ್ತವೆ. ಸಲೈನಿನಲ್ಲಿ ಅದ್ದಿಟ್ಟರೆ ಅದು ಸಂರಕ್ಷಣೆಯಲ್ಲ. ಶೇ. 10ರ ಬಫರ್ಡ್ ಫಾರ್ಮಲಿನ್, ತುಂಡಿನ ಹತ್ತು ಪಟ್ಟು, ಅಗಲ ಬಾಯಿಯ ಡಬ್ಬಿ. ಒಳಗೆ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72. ಶನಿವಾರದ ಆಪರೇಷನ್ನು, ಸೋಮವಾರ ರಜೆ: ಈ ಲೆಕ್ಕ ತಪ್ಪುವುದು ಇಲ್ಲೇ. ತೆಗೆದ ಗಂಟೆ, ಮುಳುಗಿಸಿದ ಗಂಟೆ, ಎರಡನ್ನೂ ಲೇಬಲಿನ ಮೇಲೆ ಬರೆದು ಕಳಿಸಿದ ಸಿಸ್ಟರ್‌ಗಳೇ, ಆ ಎರಡು ಅಂಕಿಗಳಿಲ್ಲದೆ ನೆಗೆಟಿವ್ ವರದಿಯನ್ನು ನಾವು ನಂಬುವುದಾದರೂ ಹೇಗೆ?

ಇಡೀ ಸ್ತನ ತೆಗೆದಾಗ ಗಡ್ಡೆಯನ್ನು ಅರ್ಧದಿಂದ ಒಂದು ಸೆಂಟಿಮೀಟರಿಗೊಂದರಂತೆ ಸೀಳಿ ಡಬ್ಬಿಗೆ ಹಾಕಿಸಿದ ಸರ್ಜನ್‌ರಿಗೂ ವಂದನೆ. ಫಾರ್ಮಲಿನ್ ಒಳಕ್ಕೆ ಇಳಿಯುವುದು ನಿಧಾನ. ಸೀಳದ ಗಡ್ಡೆ ಹೊರಗೆ ಗಟ್ಟಿಯಾಗಿದ್ದರೂ ನಡುವೆ ಕೊಳೆತಿರುತ್ತದೆ. ಕ್ಯಾನ್ಸರ್ ಹರಡಿದ ಮೂಳೆಯ ತುಂಡನ್ನು ಆಸಿಡ್ ಬದಲು ಇಡಿಟಿಎ ಎಂಬ ಸೌಮ್ಯ ರಾಸಾಯನಿಕದಲ್ಲಿ ಮೆದುವಾಗಿಸಿದ ತಂತ್ರಜ್ಞರಿಗೂ ಋಣಿ. ಆಸಿಡ್ ಬಿದ್ದರೆ ಮುಂದೆ ಫಿಶ್ (ಹರ್-2 ಜೀನಿನ ಪ್ರತಿಗಳನ್ನು ಎಣಿಸುವ ಪರೀಕ್ಷೆ) ಕೆಲಸ ಮಾಡುವುದಿಲ್ಲ.

ಪರೀಕ್ಷೆಯಲ್ಲಿ ಹರ್-2 ಇರುವ ಕಡೆ ಕಂದು ಬಣ್ಣ ಮೂಡುತ್ತದೆ. ಅದು ಸರಿಯಾಗಿ ಮೂಡಿದೆಯೇ ಎಂದು ನೋಡಲು ಒಂದೇ ಸ್ಲೈಡಿನಲ್ಲಿ ಕಂಟ್ರೋಲ್ ತುಂಡನ್ನೂ (ಫಲಿತಾಂಶ ಮೊದಲೇ ಗೊತ್ತಿರುವ ತುಂಡು) ಕೂರಿಸಿದವರು, ಪಕ್ಕದ ಸಹಜ ಹಾಲಿನ ನಾಳವೂ ಕಂದು ಬಣ್ಣಕ್ಕೆ ತಿರುಗಿದಾಗ 'ಬಣ್ಣ ಅತಿಯಾಗಿದೆ, ಮತ್ತೆ ಮಾಡೋಣ' ಎಂದವರು ತಂತ್ರಜ್ಞರೇ. ಶೇ. 10ಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳ ಸುತ್ತ ಪೂರ್ತಿ, ಗಾಢ ಬಳೆಯಂತೆ ಬಣ್ಣ ಕಂಡರೆ 3+. ಪೂರ್ತಿ ಬಳೆಯೇ ಆದರೂ ಬಣ್ಣ ಮಸುಕಾದರೆ 2+, ಫಿಶ್ ಆಗಬೇಕು. ಕೋಶದೊಳಗೆ ಹರಡಿದ ಬಣ್ಣ ಲೆಕ್ಕಕ್ಕಿಲ್ಲ.

2+ ಬಂದಾಗ ಫಿಶ್ ಫಲಿತಾಂಶಕ್ಕೆಂದು ಇನ್ನಷ್ಟು ದಿನ ತಾಳಿದ ರೋಗಿಗಳಿಗೆ, ಫೋನಿನಲ್ಲಿ ಗದರದೆ 'ಬ್ಲಾಕ್ ಎಲ್ಲಿಗೆ ತರಬೇಕು?' ಎಂದಷ್ಟೇ ಕೇಳಿದ ಮನೆಯವರಿಗೆ ನಮ್ಮೆಲ್ಲರ ಧನ್ಯವಾದ. ನಿಮ್ಮ ಬ್ಲಾಕ್‌ಗಳು, ಅಂದರೆ ಮಾದರಿಯನ್ನು ಹುದುಗಿಸಿಟ್ಟ ಮೇಣದ ಅಚ್ಚುಗಳು, ಜೋಪಾನವಾಗಿವೆ. 2022ರಿಂದೀಚೆಗೆ 1+ (ಮಸುಕಾದ, ಪೂರ್ತಿಯಾಗದ ಬಳೆ) ಬಂದವರಲ್ಲೂ ಕೆಲವರಿಗೆ ಹೊಸ ಮದ್ದು ಇರುವುದರಿಂದ ಹಳೆಯ 'ನೆಗೆಟಿವ್' ಸ್ಲೈಡುಗಳನ್ನೂ ಎಸೆಯಬೇಡಿ.