ಭಾನುವಾರ ಬಲರಾಜ್ ಸಾಹ್ನಿ ಸಿನಿಮಾ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಮಾಟುಂಗಾದ ನಮ್ಮ ಮನೆಯಲ್ಲಿ ಸೇರೋಣ. 1953ರ ಹಿಂದಿ ಸಿನಿಮಾ ‘ದೋ ಬೀಘಾ ಜಮೀನ್’ ಹಾಕುತ್ತೇವೆ.

ಅದರ ನಾಯಕ ಬಲರಾಜ್ ಸಾಹ್ನಿ ಹುಟ್ಟಿದ್ದು 1913ರಲ್ಲಿ, ರಾವಲ್ಪಿಂಡಿಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಬಿಬಿಸಿ ರೇಡಿಯೊದಲ್ಲಿದ್ದರು. ಆಮೇಲೆ ನಮ್ಮ ಬೊಂಬಾಯಿ, ಇಪ್ಟಾ (ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್) ತಂಡದ ನಾಟಕ, ಸಿನಿಮಾ. ಅಷ್ಟು ಓದಿದ ಮನುಷ್ಯ ರೈತನ ಪಾತ್ರಕ್ಕಾಗಿ ಕಲ್ಕತ್ತೆಯಲ್ಲಿ ಬರಿಗಾಲಲ್ಲಿ ಕೈರಿಕ್ಷಾ ಎಳೆದರು! ಸಿನಿಮಾದಲ್ಲಿ ‘ಇನ್ನೂ ಜೋರಾಗಿ’ ಅಂತ ಸವಾರರು ಜಾಸ್ತಿ ದುಡ್ಡಿನ ಆಸೆ ತೋರಿಸಿ ಓಡಿಸುತ್ತಾರೆ, ಚಕ್ರ ಕಳಚುತ್ತದೆ. ಆಗ ಸಾಹ್ನಿಯವರ ಮುಖ ನೋಡಿ. ರೇಡಿಯೊದಲ್ಲಿ ಪಳಗಿದ ದನಿ ಅಲ್ವಾ, ಕೂಗದೆಯೇ ನಾಟುತ್ತದೆ. 1973ರಲ್ಲಿ ತೀರಿಕೊಂಡರು. ಅವರು ನಟಿಸಿದ ‘ಗರ್ಮ್ ಹವಾ’ ಸಿನಿಮಾ ತೆರೆಗೆ ಬಂದಾಗ ಅವರಿರಲಿಲ್ಲ, ಅದೇ ಸಂಕಟ.

ಮಕ್ಕಳನ್ನೂ ಕರೆತನ್ನಿ. ಒಗ್ಗರಣೆ ಅವಲಕ್ಕಿ ಇರುತ್ತದೆ. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.