ಮಳೆಯೇ ಇಲ್ಲ, ಮ್ಯಾನ್‌ಹೋಲ್ ಉಕ್ಕಿದ್ದು ಯಾಕೆ?

ಮಾನ್ಯರೇ,

ನಮ್ಮ ಬೀದಿಯ ಮ್ಯಾನ್‌ಹೋಲ್ ಈ ವರ್ಷ ಮೂರನೇ ಸಲ ಉಕ್ಕಿತು. ಗಾಡಿಯವರು ಬಂದು ತೆಗೆದಾಗ ಸಿಕ್ಕಿದ್ದು ಮಣ್ಣಲ್ಲ, ಡಾಲ್ಡಾ ತರಹ ಗಟ್ಟಿಯಾದ ಜಿಡ್ಡು. ಸುತ್ತ ನಾಲ್ಕು ಹೋಟೆಲ್ ಇವೆ, ಇನ್ನೇನು ಹೇಳೋದು?

ಬೋಂಡಾ ಬಾಣಲೆ, ಬಿರಿಯಾನಿ ಹಂಡೆ ತೊಳೆದ ಬಿಸಿನೀರು ಸಿಂಕಿನಲ್ಲಿ ಸಲೀಸಾಗಿ ಇಳಿಯುತ್ತದೆ, ಆದರೆ ಪೈಪಿನೊಳಗೆ ತಣ್ಣಗಾದ ಮೇಲೆ ಜಿಡ್ಡು ಅಂಟಿಕೊಂಡು, ಅದಕ್ಕೆ ಅನ್ನದ ಅಗುಳು, ಟಿಶ್ಯೂ ಎಲ್ಲ ಸೇರಿ ಕಲ್ಲಿನಂತಾಗುತ್ತದೆ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ ಸಿಕ್ಕ ಇಂಥ ಗಡ್ಡೆ ಸುಮಾರು 250 ಮೀಟರ್ ಉದ್ದ, 130 ಟನ್ ತೂಕ ಇತ್ತು!

ಇದಕ್ಕೆ ಗ್ರೀಸ್ ಟ್ರ್ಯಾಪ್ ಅಂತ ಒಂದು ತೊಟ್ಟಿ ಇದೆ. ಸಿಂಕಿಗೂ ಚರಂಡಿಗೂ ನಡುವೆ ಕೂರಿಸಿದರೆ ನೀರು ಅದರಲ್ಲಿ ನಿಧಾನವಾಗುತ್ತದೆ, ಎಣ್ಣೆ ಮೇಲೆ ತೇಲುತ್ತದೆ, ಗಸಿ ತಳ ಸೇರುತ್ತದೆ, ನಡುವಿನ ನೀರು ಮಾತ್ರ ಹೊರಗೆ ಹೋಗುತ್ತದೆ. ಅಷ್ಟೇ. ಆದರೆ ಜಿಡ್ಡು, ಗಸಿ ಸೇರಿ ಕಾಲು ಭಾಗ ತುಂಬುವಷ್ಟರಲ್ಲಿ ಅದನ್ನು ತೆಗೆಸಬೇಕು. ಸುಮ್ನೆ ತೋರಿಕೆಗೆ ಹಾಕಿಸಿ ಮುಚ್ಚಳವನ್ನೇ ತೆರೆಯದಿದ್ದರೆ ಇದ್ದೂ ಇಲ್ಲದ ಹಾಗೆ ಅಲ್ವಾ? ಇನ್ನು ಕೆಲವರು ಕುದಿಯುವ ನೀರು ಸುರಿದು ಕರಗಿಸುತ್ತಾರೆ. ಅದು ಕಸವನ್ನು ಪಕ್ಕದ ಮನೆ ಮುಂದೆ ಗುಡಿಸಿದಂತೆ.

ಚಿಕ್ಕ ದರ್ಶಿನಿಗಳಿಗೆ ಜಾಗ, ದುಡ್ಡು ಎರಡೂ ಕಷ್ಟ, ಒಪ್ಪುತ್ತೇನೆ. ಅಂಥವರಿಗೆ ಸಿಂಕಿನ ಕೆಳಗೇ ಕೂರುವ ಸಣ್ಣ ಟ್ರ್ಯಾಪ್ ಸಿಗುತ್ತದೆ. ಪಾಲಿಕೆಯವರೇ, ಹೋಟೆಲ್ ಲೈಸೆನ್ಸ್ ನವೀಕರಿಸುವಾಗ ಟ್ರ್ಯಾಪ್ ಇದೆಯಾ ಅಂತ ಮಾತ್ರ ಕೇಳಬೇಡಿ, ಕೊನೆಯ ಸಲ ಯಾವಾಗ ತೆಗೆಸಿದ್ದು, ಆ ಜಿಡ್ಡನ್ನು ಎಲ್ಲಿ ಹಾಕಿದ್ದು ಅಂತ ರಸೀದಿ ಕೇಳಿ.

– ಒಬ್ಬ ಓದುಗ, ಬೆಂಗಳೂರು